ಒಂದೇ ಇಳಿಜಾರು, ಒಂಬತ್ತು ಸಲ

ಮಂಗಳೂರಿನಲ್ಲಿ ಗಾಲ್ಫ್ ಆಡುವವರಿಗೆ ಸಪಾಟು ನೆಲ ಅಂದರೆ ಮೊದಲ ಹೊಡೆತಕ್ಕೆ ಚೆಂಡು ಇಡುವ ಜಾಗ, ಅಂದರೆ ಟೀ ಮಾತ್ರ. ಅಲ್ಲಿಂದ ಮುಂದೆ ಚೆಂಡು ಎಲ್ಲಿ ನಿಂತರೂ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಸ್ವಲ್ಪ ಉತ್ಪ್ರೇಕ್ಷೆ ಮಾಡಿದೆ, ಆದರೆ ಜಾಸ್ತಿ ಅಲ್ಲ. ನಮ್ಮ ನೆಲವೇ ಹಾಗೆ. ಮುರಕಲ್ಲಿನ ಗುಡ್ಡೆ, ಅದರ ನೆತ್ತಿಯಲ್ಲಿ ಪದವು, ಬದಿಯಲ್ಲಿ ಇಳಿಜಾರು, ತಳದಲ್ಲಿ ಬೈಲು. ಪಿಲಿಕುಳದ ಕಡೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು ಇದು. ನೀರು ಹರಿದು ಹರಿದು ಗುಡ್ಡೆಯ ಬದಿಯನ್ನು ಒಂದೇ ಕಡೆಗೆ ಇಳಿಯಲು ಬಿಟ್ಟಿಲ್ಲ. ಮುಂದಕ್ಕೂ ಇಳಿಯುತ್ತದೆ, ಪಕ್ಕಕ್ಕೂ ಇಳಿಯುತ್ತದೆ. ಈ ಪ್ರಕರಣ ಇರುವುದೇ ಆ ‘ಪಕ್ಕಕ್ಕೂ’ ಎಂಬ ಮಾತಿನಲ್ಲಿ.

ಪ್ರಕರಣ ನನ್ನದಲ್ಲ, ಗೆಳೆಯರೊಬ್ಬರದು. ವಯಸ್ಸು 61. ಬ್ಯಾಂಕಿನಿಂದ ನಿವೃತ್ತರಾದವರು. (ನಮ್ಮೂರಲ್ಲಿ ಮೂವರು ನಿವೃತ್ತರು ಸೇರಿದರೆ ಇಬ್ಬರು ಬ್ಯಾಂಕಿನವರೇ ಇರುತ್ತಾರೆ, ಏನು ಮಾಡುವುದು.) ಗಾಲ್ಫ್ ಕಲಿತದ್ದು ಪಂಜಾಬಿಗೆ ವರ್ಗ ಆಗಿದ್ದಾಗ. ಅಲ್ಲಿ ನೆಲ ಅಂದರೆ ಚಾಪೆ ಹಾಸಿದ ಹಾಗೆ. ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕಿ, ಕಮ್ಮಿ ಇದ್ದಷ್ಟೂ ಒಳ್ಳೆಯದು) 18 ಇತ್ತು. ಊರಿಗೆ ಬಂದು ಒಂದು ವರ್ಷದಲ್ಲಿ 22 ಆಯಿತು. ಅವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದರು.

ಅವರಿಗೊಂದು ಅಭ್ಯಾಸ ಉಂಟು. ಪ್ರತಿ ಸುತ್ತು ಮುಗಿದ ಮೇಲೆ ಗೆರೆ ಎಳೆದ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಡುತ್ತಾರೆ. ಯಾವ ಹೋಲ್, ಯಾವ ಕ್ಲಬ್ (ಹೊಡೆಯುವ ಕೋಲು), ಎಷ್ಟು ಗಜ ಉಳಿದಿತ್ತು, ಚೆಂಡು ಎಲ್ಲಿ ಹೋಯಿತು, ಒಟ್ಟು ಎಷ್ಟು ಹೊಡೆತ. ಕೊನೆಯಲ್ಲಿ ಷರಾ ಅಂತ ಒಂದು ಕಾಲಂ. ಡಿಸೆಂಬರಿನ ಒಂದು ಸಂಜೆ ಆ ಪುಸ್ತಕವನ್ನು ನನ್ನ ಮುಂದೆ ಇಟ್ಟರು. “ಒಂದೇ ಒಂದು ಹೋಲ್ ನನ್ನನ್ನು ತಿಂತಾ ಉಂಟು ಮಾರಾಯ್ರೆ, ಸ್ವಲ್ಪ ನೋಡಿ” ಅಂದರು. ನಾನು ಕೋಚ್ ಅಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಆಡುವುದು ಅವರಿಗಿಂತ ಸ್ವಲ್ಪ ಮೇಲು, ಅಷ್ಟೇ. ಆದರೆ ಪುಸ್ತಕ ನೋಡಿ ನನಗೆ ಖುಷಿಯಾಯಿತು. ಗಾಲ್ಫ್ ಆಡುವವರು ತಮ್ಮ ಕೆಟ್ಟ ಹೊಡೆತವನ್ನು ಬಾಯಲ್ಲಿ ಹೇಳುತ್ತಾರೆ. ಅದನ್ನು ಬರೆದಿಡುವವರು ಎಷ್ಟು ಜನ?

ಪುಸ್ತಕ ಹೇಳಿದ್ದು

ಅದು ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಟೀ ಇಂದ ಫೇರ್‌ವೇ (ನಡುವಿನ ಹುಲ್ಲಿನ ಹಾದಿ) ಗುಡ್ಡೆಯ ಬೆನ್ನಿನ ಮೇಲೆ ಸಾಗುತ್ತದೆ. ಸುಮಾರು 200 ಗಜ ಆದ ಮೇಲೆ ಮುಂದಕ್ಕೆ ಜಾರುತ್ತದೆ. ಗ್ರೀನ್, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗ, ಕೆಳಗೆ ಇದೆ. ಅದರ ಬಲಕ್ಕೆ ಗೇರು ಮರ, ಮುಳಿಹುಲ್ಲು, ಪೊದೆ. ಎಡಕ್ಕೆ ಬಯಲು. ಮುಂಭಾಗ ತೆರೆದಿದೆ, ಬಂಕರ್ (ಮರಳಿನ ಗುಂಡಿ) ಇಲ್ಲ.

ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಅವರು ಅಲ್ಲಿ 11 ಸುತ್ತು ಆಡಿದ್ದರು. ಬಲಗೈ ಆಟಗಾರರು. ಅವರ ಡ್ರೈವ್ (ಟೀ ಇಂದ ಹೊಡೆಯುವ ಉದ್ದ ಹೊಡೆತ) ಕೊನೆಯಲ್ಲಿ ಸ್ವಲ್ಪ ಬಲಕ್ಕೆ ತಿರುಗುತ್ತದೆ. ಹಾಗಾಗಿ 11ರಲ್ಲಿ 9 ಸಲ ಚೆಂಡು ಉರುಳಿ ಫೇರ್‌ವೇಯ ಬಲ ಅಂಚಿನ ಒಂದೇ ಜಾಗದಲ್ಲಿ ನಿಂತಿತ್ತು. ನಾಲ್ಕೈದು ಕಾರು ನಿಲ್ಲಿಸುವಷ್ಟು ಜಾಗ. ಅಲ್ಲಿಂದ ಗ್ರೀನ್‌ಗೆ ಸುಮಾರು 135 ಗಜ. ಒಂಬತ್ತು ಸಲವೂ ಹಿಡಿದದ್ದು 7 ಐರನ್. (ಐರನ್ ಅಂದರೆ ಲೋಹದ ಚಪ್ಪಟೆ ತಲೆಯ ಕ್ಲಬ್. ನಂಬರ್ ಜಾಸ್ತಿ ಆದಷ್ಟೂ ಚೆಂಡು ಎತ್ತರ ಏಳುತ್ತದೆ, ಕಮ್ಮಿ ದೂರ ಹೋಗುತ್ತದೆ.)

ಒಂಬತ್ತರಲ್ಲಿ ನಾಲ್ಕು ಸಲ ಕ್ಲಬ್ ಚೆಂಡಿನ ತಲೆಗೆ ತಾಗಿ ಅದು ನೆಲ ಹಿಡಿದು ಓಡಿತ್ತು. ಮೂರು ಸಲ ಚೆಂಡಿಗಿಂತ ಮೊದಲು ನೆಲ ಕೆತ್ತಿ ಚೆಂಡು ಮೂವತ್ತು ನಲವತ್ತು ಗಜ ಹೋಗಿ ಕುಳಿತಿತ್ತು. ಒಂದು ಸಲ ಹೊಡೆತ ಚೊಕ್ಕವಾಗಿ ತಾಗಿ ಚೆಂಡು ಬಲಕ್ಕೆ ಹೋಗಿ ಪೊದೆ ಸೇರಿತ್ತು. ಒಂದು ಸಲ ಗ್ರೀನ್ ಮೇಲೆ ನಿಂತಿತ್ತು.

ಕೊನೆಯ ಎರಡರ ಷರಾ ನನಗೆ ಬಹಳ ಇಷ್ಟವಾಯಿತು. ಪೊದೆಗೆ ಹೋದದ್ದರ ಎದುರು “ಒಳ್ಳೆ ಹೊಡೆತ, ದುರದೃಷ್ಟ” ಅಂತ ಇತ್ತು. ಗ್ರೀನ್‌ಗೆ ಹೋದದ್ದರ ಎದುರು “ಅದೃಷ್ಟ” ಅಂತ. ಆ ಎರಡನೆಯದು ಹೇಗೆ ಹೋಯಿತು ಅಂತ ಕೇಳಿದೆ. “ಅರ್ಧ ತಲೆಗೆ ತಾಗಿತು. ಕೆಳಗೇ ಹೋಗಿ, ಉರುಳಿ ಉರುಳಿ ಹತ್ತಿತು” ಅಂದರು. ಒಳ್ಳೆಯ ಹೊಡೆತ ಪೊದೆಗೆ ಹೋಗಿದೆ, ಕೆಟ್ಟ ಹೊಡೆತ ಗ್ರೀನ್ ಹತ್ತಿದೆ. ಹಾಗಾದರೆ ಆ ಜಾಗದಲ್ಲಿ ಸರಿ ತಪ್ಪುಗಳ ಲೆಕ್ಕವೇ ಬೇರೆ ಇರಬೇಕು ಅಲ್ವಾ?

ಅವರು ತಾವೇ ಮಾಡಿಕೊಂಡಿದ್ದ ತೀರ್ಮಾನ ಬೇರೆ. ಸ್ವಿಂಗ್ ಕೆಟ್ಟಿದೆ, ತಲೆ ಮೇಲೆ ಏಳುತ್ತಿದೆ ಅಂತ. ಜೊತೆಗೆ ಆಡುವವರೆಲ್ಲ ಅದನ್ನೇ ಹೇಳಿದ್ದರು. “ತಲೆ ಎತ್ತಬೇಡಿ” ಎನ್ನುವುದು ಗಾಲ್ಫಿನಲ್ಲಿ ಪುಕ್ಕಟೆ ಸಿಗುವ ಔಷಧಿ. ಯಾವ ರೋಗಕ್ಕೂ ಕೊಡುತ್ತಾರೆ. ಇವರು ಗಟ್ಟಿಯಾಗಿ ತಲೆ ತಗ್ಗಿಸಿ ಹೊಡೆದ ವಾರಗಳಲ್ಲಿ ನೆಲ ಕೆತ್ತುವುದು ಶುರುವಾಯಿತು, ಅಷ್ಟೇ ಬದಲಾವಣೆ. ಅಕ್ಟೋಬರ್ ಮಧ್ಯದಲ್ಲಿ ಹೊಸ ಐರನ್ ಸೆಟ್ ಕೂಡ ತಂದಿದ್ದರು. ತಲೆಗೆ ತಾಗಿದ ನಾಲ್ಕರಲ್ಲಿ ಮೂರು ಆ ಮೇಲಿನವು. ಇದಕ್ಕೂ ಕಾರಣ ಉಂಟು, ಮುಂದೆ ಹೇಳುತ್ತೇನೆ.

ಜಾಗಕ್ಕೆ ಹೋಗಿ ನೋಡಿದ್ದು

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಆ ಜಾಗದಲ್ಲಿ ನಿಂತೆವು. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಎಲ್ಲೋ ನವಿಲು ಕೂಗುತ್ತಿತ್ತು. ನೆಲ ಹೇಗಿದೆ ಅಂತ ಕೇಳಿದೆ. “ಮುಂದಕ್ಕೆ ಸ್ವಲ್ಪ ಇಳಿಜಾರು. ಜಾಸ್ತಿ ಏನಿಲ್ಲ” ಅಂದರು.

ಕ್ಲಬ್ಬನ್ನು ನೆಲದ ಮೇಲೆ ಮಲಗಿಸಿ, ಅದರ ಮೇಲೆ ಮೊಬೈಲ್ ಇಟ್ಟು ಅದರಲ್ಲಿರುವ ಮಟ್ಟಗೋಲು ತೆರೆದೆ. ಗ್ರೀನ್ ದಿಕ್ಕಿಗೆ 7 ಡಿಗ್ರಿ ಇಳಿಜಾರು. ಇದು ಅವರಿಗೆ ಗೊತ್ತಿದ್ದದ್ದೇ. ಕ್ಲಬ್ಬನ್ನು ಅಡ್ಡ ತಿರುಗಿಸಿದೆ. ಅವರು ನಿಲ್ಲುವ ಜಾಗದಿಂದ ಚೆಂಡಿನ ಕಡೆಗೆ 5 ಡಿಗ್ರಿ ಇಳಿಜಾರು. ಅಂದರೆ ಚೆಂಡು ಪಾದಕ್ಕಿಂತ ಕೆಳಗಿದೆ. ಮೂರು ತಿಂಗಳಲ್ಲಿ ಒಂಬತ್ತು ಸಲ ಅಲ್ಲಿ ನಿಂತವರಿಗೆ ಇದು ಕಂಡೇ ಇರಲಿಲ್ಲ.

ಅವರನ್ನು ದೂರಬೇಕಾಗಿಲ್ಲ. ಗುಡ್ಡೆಯ ಬದಿಯಲ್ಲಿ ಕಣ್ಣಿಗೆ ಆಧಾರ ಸಿಗುವುದಿಲ್ಲ. ಸುತ್ತಲಿನ ಎಲ್ಲವೂ ಒಂದೇ ಕಡೆ ವಾಲಿರುವಾಗ ವಾಲಿದ್ದೇ ನೇರ ಅನಿಸುತ್ತದೆ. ಟಿವಿಯಲ್ಲಿ ಮಾಸ್ಟರ್ಸ್ (ಅಮೆರಿಕದ ಅಗಸ್ಟಾದಲ್ಲಿ ನಡೆಯುವ ದೊಡ್ಡ ಗಾಲ್ಫ್ ಪಂದ್ಯಾವಳಿ) ನೋಡುವವರಿಗೂ ಇದೇ ಮೋಸ. ಅಗಸ್ಟಾದ ಮೈದಾನ ಪರದೆಯಲ್ಲಿ ಹಾಸಿಗೆಯ ಹಾಗೆ ಕಾಣುತ್ತದೆ. ಅಲ್ಲಿಗೆ ಹೋಗಿ ಬಂದವರು ಮೊದಲು ಹೇಳುವುದು ಅಲ್ಲಿನ ಏರಿಳಿತದ ಬಗ್ಗೆ. ಅದರ 13ನೇ ಹೋಲಿನಲ್ಲಿ ಬಲಗೈ ಆಟಗಾರರ ಎರಡನೇ ಹೊಡೆತಕ್ಕೆ ಚೆಂಡು ಪಾದಕ್ಕಿಂತ ಮೇಲಿರುತ್ತದೆ. ಗ್ರೀನ್ ಮುಂದೆ ತೊರೆ. ದೊಡ್ಡ ದೊಡ್ಡವರೇ ಅಲ್ಲಿ ಎಡವಿದ್ದಾರೆ. ಟಿವಿ ನೋಡುವ ನಾವು “ಅಯ್ಯೋ, ಇಷ್ಟು ಸುಲಭದ್ದು” ಅನ್ನುತ್ತೇವೆ.

ಕಣ್ಣಿಗೆ ಸಿಗದ್ದು ಪಾದಕ್ಕೆ ಸಿಗುತ್ತದೆ. ಅವರಿಗೆ ಕಣ್ಣು ಮುಚ್ಚಿ ಹೊಡೆಯುವ ಭಂಗಿಯಲ್ಲಿ ನಿಲ್ಲಲು ಹೇಳಿದೆ. ಭಾರ ಎಲ್ಲಿದೆ? “ಎಡಗಾಲಲ್ಲಿ.” ಇನ್ನೆಲ್ಲಿ? ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: “ಬೆರಳಿನ ಕಡೆ ಎಳೀತಾ ಉಂಟು.” ಕಣ್ಣು ತೆರೆದು ನೆಲ ನೋಡಿದರು, ನನ್ನನ್ನು ನೋಡಿದರು, ಏನೂ ಹೇಳಲಿಲ್ಲ.

ಎರಡು ಇಳಿಜಾರಿನ ಲೆಕ್ಕ

ಇಳಿಜಾರಿನಲ್ಲಿ ಮೂಲ ವಿಧ ನಾಲ್ಕು. ಗುರಿ ಕಡೆಗೆ ಏರು, ಗುರಿ ಕಡೆಗೆ ಇಳಿ, ಚೆಂಡು ಪಾದಕ್ಕಿಂತ ಮೇಲೆ, ಚೆಂಡು ಪಾದಕ್ಕಿಂತ ಕೆಳಗೆ. ಬಲಗೈಯವರಿಗೆ ಏರಿನಲ್ಲಿ ಚೆಂಡು ಎತ್ತರಕ್ಕೆ ಹೋಗಿ ಬೇಗ ಬೀಳುತ್ತದೆ, ಎಡಕ್ಕೆ ಎಳೆಯುತ್ತದೆ. ಚೆಂಡು ಪಾದಕ್ಕಿಂತ ಮೇಲಿದ್ದರೂ ಎಡಕ್ಕೇ. ಅಲ್ಲಿ ಕ್ಲಬ್ಬಿನ ಹಿಡಿಯನ್ನು ಸ್ವಲ್ಪ ಕೆಳಗೆ ಹಿಡಿದು, ಬಲಕ್ಕೆ ಗುರಿ ಇಟ್ಟರೆ ಅರ್ಧ ಕೆಲಸ ಆಯಿತು. ಇವೆರಡು ಸಾಧು ಇಳಿಜಾರುಗಳು. ಗೆಳೆಯರಿಗೆ ಸಿಕ್ಕಿದ್ದು ಉಳಿದೆರಡು, ಅದೂ ಒಟ್ಟಿಗೆ.

ಮೊದಲು ಮುಂದಿನ ಇಳಿಜಾರು. ಪ್ರತಿ ಐರನ್ನಿನ ಮುಖ ಇಂತಿಷ್ಟು ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಅದು ಲಾಫ್ಟ್. ಚೆಂಡು ಎಷ್ಟು ಎತ್ತರ ಏಳುತ್ತದೆ ಎನ್ನುವುದು ಬಹುಪಾಲು ಅದರಿಂದ. ಇಳಿಜಾರಿನ ಜೊತೆ ದೇಹವನ್ನೂ ಬಗ್ಗಿಸಿ ನಿಂತರೆ ಇಳಿಜಾರಿನ ಡಿಗ್ರಿಯಷ್ಟೂ ಲಾಫ್ಟಿನಿಂದ ಕಳೆದುಹೋಗುತ್ತದೆ. ಅವರ ಹಳೆಯ ಸೆಟ್ಟಿನಲ್ಲಿ 7 ಐರನ್ 34 ಡಿಗ್ರಿ. ಅದರಲ್ಲಿ 7 ಕಳೆದರೆ 27. ಅದು ಹಳೆಯ ಸೆಟ್ಟಿನ 5 ಐರನ್. ಹೊಸ ಸೆಟ್ಟಿನ 7 ಐರನ್ ಬರೇ 30 ಡಿಗ್ರಿ. ಈಗಿನ ಐರನ್‌ಗಳಲ್ಲಿ ದೂರ ಜಾಸ್ತಿ ಬರಲಿ ಅಂತ ಲಾಫ್ಟ್ ಕಡಿಮೆ ಮಾಡಿರುತ್ತಾರೆ. ಕ್ಲಬ್ಬಿನ ಅಡಿಯಲ್ಲಿ ನಂಬರ್ ಅದೇ 7. ಇಳಿಜಾರಿನಲ್ಲಿ ಅದು 23 ಡಿಗ್ರಿ ಆಯಿತು. ಹಳೆಯ 4 ಐರನ್ನಿಗಿಂತಲೂ ಒಂದು ಡಿಗ್ರಿ ಕಮ್ಮಿ.

“ನಾನು 4 ಐರನ್ ಹೊಡೆದು ಹದಿನೈದು ವರ್ಷ ಆಯಿತು” ಅಂದರು. ಹೊಡೆದಿದ್ದಾರೆ. ಈ ಮೂರು ತಿಂಗಳಲ್ಲೇ ಆರೇಳು ಸಲ. ಗೊತ್ತಿರಲಿಲ್ಲ ಅಷ್ಟೇ. ಸಾಲದ್ದಕ್ಕೆ ದುಡ್ಡು ಕೊಟ್ಟು ತಂದ ಸೆಟ್ಟು ಆ ಜಾಗದ ಮಟ್ಟಿಗೆ ಇನ್ನಷ್ಟು ತೊಂದರೆ ಮಾಡಿತ್ತು.

ಇನ್ನು ಪಕ್ಕದ ಇಳಿಜಾರು. ಚೆಂಡು ಪಾದಕ್ಕಿಂತ ಕೆಳಗಿದ್ದಾಗ ಕ್ಲಬ್ಬಿನ ಮೂತಿ ಕೆಳಕ್ಕೆ ಬಾಗುತ್ತದೆ, ಹಿಮ್ಮಡಿ ಮೇಲೇಳುತ್ತದೆ. ವಾಲಿದ ಮುಖ ಹೀಗೆ ಬಾಗಿದಾಗ ಅದು ನೋಡುವುದು ಬಲಕ್ಕೆ. ಒಂದು ತಟ್ಟೆಯನ್ನು ಹಿಂದಕ್ಕೆ ವಾಲಿಸಿ ಹಿಡಿದು ಅದರ ಒಂದು ಬದಿ ತಗ್ಗಿಸಿ ನೋಡಿ, ತಿಳಿಯುತ್ತದೆ. ಲಾಫ್ಟ್ ಜಾಸ್ತಿ ಇದ್ದಷ್ಟೂ ಈ ತಿರುಗುವಿಕೆ ಜಾಸ್ತಿ. ತ್ರಿಕೋನಮಿತಿ ಹಾಕಿ ನೋಡಿದರೆ 5 ಡಿಗ್ರಿ ಅಡ್ಡ ಇಳಿಜಾರಿನಲ್ಲಿ 56 ಡಿಗ್ರಿ ವೆಡ್ಜ್ ಏಳು ಡಿಗ್ರಿಗೂ ಮೇಲೆ ತಿರುಗುತ್ತದೆ. ಟೀ ಇಂದ ದೂರ ಹೊಡೆಯುವ 10 ಡಿಗ್ರಿ ಡ್ರೈವರ್ ಒಂದು ಡಿಗ್ರಿಯೂ ತಿರುಗುವುದಿಲ್ಲ. ಮಧ್ಯದ ಐರನ್‌ಗಳಿಗೆ ಎರಡೂವರೆ ಮೂರು ಡಿಗ್ರಿ. 135 ಗಜದಲ್ಲಿ ಅದು ಆರೇಳು ಗಜ ಆಗುತ್ತದೆ. ಇಷ್ಟೇ ಆಗಿದ್ದರೆ ಗ್ರೀನಿನ ಬಲ ಅಂಚಾದರೂ ಸಿಗುತ್ತಿತ್ತು. ಆದರೆ ಮುಂದಿನ ಇಳಿಜಾರಿನಲ್ಲಿ ದೇಹ ಕ್ಲಬ್ಬಿಗಿಂತ ಮುಂದೆ ಓಡುತ್ತದೆ, ಕ್ಲಬ್ಬಿನ ಮುಖ ಮುಚ್ಚಿಕೊಳ್ಳಲು ಸಮಯ ಸಿಗುವುದಿಲ್ಲ. ಅದೂ ಬಲಕ್ಕೆ. ಅವರ ಹುಟ್ಟುಗುಣದ ತಿರುವೂ ಬಲಕ್ಕೆ. ಮೂರೂ ಸೇರಿದರೆ ಹದಿನೈದು ಗಜ ದೊಡ್ಡ ಮಾತಲ್ಲ. ಗೇರು ಮರ ಇರುವುದು ಅಲ್ಲೇ.

“ಒಳ್ಳೆ ಹೊಡೆತ, ದುರದೃಷ್ಟ” ಎಂಬ ಷರಾ ನೆನಪಿದೆಯಲ್ಲ? ಆ ದಿನ ಅವರು ಗ್ರೀನಿನ ನಡುವಿಗೆ ಗುರಿ ಇಟ್ಟಿದ್ದರು. ಚೆಂಡು ಎಲ್ಲಿ ಹೋಗಬೇಕಿತ್ತೋ ಅಲ್ಲಿಗೇ ಹೋಗಿತ್ತು.

ತಲೆಗೆ ತಾಗುವುದು, ನೆಲ ಕೆತ್ತುವುದು

ಉಳಿದ ಏಳು ಹೊಡೆತಗಳಿಗೆ ಬರೋಣ. ನನ್ನ ಪ್ರಕಾರ ಈ ಪ್ರಕರಣದ ಹೂರಣ ಇದೇ.

ಗೆಳೆಯರು ಇವನ್ನು ಎರಡು ಬೇರೆ ತಪ್ಪು ಅಂದುಕೊಂಡಿದ್ದರು. ಒಂದು ವಾರ ತಲೆಗೆ ಹೊಡೆದರೆ ಮುಂದಿನ ವಾರ ಅದನ್ನು ಸರಿ ಮಾಡಲು ಹೋಗಿ ನೆಲ ಕೆತ್ತುತ್ತಿದ್ದರು. ಆಮೇಲೆ ನೆಲ ಬಿಡಿಸಲು ಹೋಗಿ ಮತ್ತೆ ತಲೆಗೆ. ನಿಜಕ್ಕೂ ಇವು ಒಂದೇ ತಪ್ಪು.

ಸಪಾಟು ನೆಲದಲ್ಲಿ ಕ್ಲಬ್ ಒಂದು ಬಿಲ್ಲಿನ ಹಾಗೆ ಇಳಿದು ಏರುತ್ತದೆ. ಆ ಬಿಲ್ಲಿನ ತಳ ಚೆಂಡಿನ ಹತ್ತಿರ ಇರುತ್ತದೆ. ಮುಂದಕ್ಕೆ ಇಳಿಯುವ ನೆಲದಲ್ಲಿ ಚೆಂಡಿನ ಹಿಂದಿನ ನೆಲ ಚೆಂಡಿಗಿಂತ ಎತ್ತರ. ಭುಜವನ್ನು ಸಪಾಟಾಗಿ ಇಟ್ಟುಕೊಂಡು ಅದೇ ಬಿಲ್ಲು ಎಳೆದರೆ ಕ್ಲಬ್ ಮೊದಲು ಹಿಂದಿನ ನೆಲಕ್ಕೆ ತಾಗುತ್ತದೆ. ಅದು ಕೆತ್ತಿದ್ದು. ನೆಲ ತಾಗೀತು ಅಂತ ದೇಹ ತನ್ನಿಂತಾನೇ ಹಿಂದೆ ಸರಿದು ಕೈ ಎತ್ತಿದರೆ, ಕ್ಲಬ್ ಚೆಂಡಿನ ಹತ್ತಿರ ಬರುವಾಗ ಏರಲು ಶುರು ಮಾಡಿರುತ್ತದೆ. ಅದು ತಲೆಗೆ ತಾಗಿದ್ದು. ಮೂಲ ಎರಡಕ್ಕೂ ಒಂದೇ. ನೆಲ ವಾಲಿದೆ, ಭುಜ ವಾಲಿಲ್ಲ.

ಅದಕ್ಕೆ ಮದ್ದು ಎಲ್ಲ ಕೋಚ್‌ಗಳೂ ಹೇಳುವುದೇ. ಭುಜದ ಗೆರೆ ಇಳಿಜಾರಿನ ಗೆರೆಗೆ ಸಮ ಇರಲಿ. ಭಾರ ಕೆಳಗಿನ ಕಾಲಿನಲ್ಲಿ ಇರಲಿ, ಅಲ್ಲೇ ಉಳಿಯಲಿ. ಚೆಂಡು ನಡುವಿಗಿಂತ ಒಂದಿಷ್ಟು ಮೇಲಿನ ಕಾಲಿನ ಕಡೆಗೆ ಇರಲಿ. ಹೊಡೆದ ಮೇಲೆ ಕ್ಲಬ್ ನೆಲವನ್ನು ಹಿಂಬಾಲಿಸಿ ಕೆಳಕ್ಕೆ ಹೋಗಲಿ. ಹೇಳುವುದು ಸುಲಭ. ಭುಜದ ಮೇಲೆ ಕೋಲು ಇಟ್ಟು ತೋರಿಸಿದೆ. ಕೋಲು ಇದ್ದಾಗ ಸರಿ ನಿಲ್ಲುತ್ತಾರೆ. ಕೋಲು ತೆಗೆದು ಸ್ವಿಂಗ್ ಮಾಡಿದ ಕೂಡಲೇ ದೇಹ ಗುಡ್ಡೆಯ ಕಡೆಗೆ ಹಿಂದೆ ವಾಲುತ್ತದೆ. ಆರು ಚೆಂಡು ಹೊಡೆದರು, ಆರರಲ್ಲೂ ಅದೇ.

ಬೀಳುವ ಭಯ ಇದು. ಇಬ್ಬನಿಯ ಹುಲ್ಲು ಬೇರೆ. ಅವರ ತರವಾಡು ಮನೆ ಗುಡ್ಡೆಯ ಮೇಲೆ, ಅಡಿಕೆ ತೋಟ ಕೆಳಗೆ. ನಡುವೆ ಮುರಕಲ್ಲು ಕಡಿದು ಮಾಡಿದ ಮೆಟ್ಟಿಲು. ಮಳೆಗಾಲದ ಆಟಿ ತಿಂಗಳಲ್ಲಿ ಪಾಚಿ ಹಿಡಿದು ಎಣ್ಣೆ ಹಚ್ಚಿದ ಹಾಗೆ ಇರುತ್ತದೆ. ಅಲ್ಲಿ ಯಾರು ಬೀಳುತ್ತಾರೆ ಅಂತ ಕೇಳಿದೆ. ಯೋಚನೆ ಮಾಡದೆ ಹೇಳಿದರು: “ಪೇಟೆಯಿಂದ ಬಂದವರು. ಹೆದರಿ ಹಿಂದೆ ವಾಲ್ತಾರೆ, ಕಾಲು ಮುಂದೆ ಜಾರಿ ಕೂತ್ಕೊಳ್ತಾರೆ.” ಮತ್ತೆ ತೆಂಗಿನಕಾಯಿ ಗೋಣಿ ಹೊತ್ತು ಇಳಿಯುವವರು? “ಅವರು ಮಂಡಿ ಮಡಚಿ ಮೆಟ್ಟಿಲಿನ ಜೊತೆ ಹೋಗ್ತಾರೆ.” ಇಷ್ಟು ಹೇಳಿ ಅವರೇ ನಕ್ಕರು. ನಿವೃತ್ತಿಯವರೆಗೆ ಹೊರಗೆ ಇದ್ದು, ತಮ್ಮದೇ ಗುಡ್ಡೆಯಲ್ಲಿ ಪೇಟೆಯವರಾಗಿದ್ದರು.

ಅಲ್ಲಿಂದ ಮುಂದೆ ನಾನು ಭುಜ, ಭಾರ ಅಂತ ಹೇಳುವುದನ್ನು ಬಿಟ್ಟೆ. ಗೋಣಿ ಹೊತ್ತವನ ಹಾಗೆ ಇಳಿಯಿರಿ ಅಂದೆ, ಅಷ್ಟೇ. ಹೊಡೆದ ಮೇಲೆ ಬಲಗಾಲು ತನ್ನಿಂತಾನೇ ಮುಂದೆ ಹೆಜ್ಜೆ ಇಟ್ಟರೆ ಇಡಲಿ, ತಡೆಯಬೇಡಿ ಅಂದೆ. ಒಂಬತ್ತು ಮೇಜರ್ (ಗಾಲ್ಫಿನ ಅತಿ ದೊಡ್ಡ ಪಂದ್ಯಾವಳಿ) ಗೆದ್ದ ದಕ್ಷಿಣ ಆಫ್ರಿಕಾದ ಗ್ಯಾರಿ ಪ್ಲೇಯರ್ ಹೊಡೆದ ಮೇಲೆ ಹಾಗೆ ನಡೆದು ಮುಂದೆ ಹೋಗುವುದಕ್ಕೇ ಹೆಸರುವಾಸಿ. ಸಪಾಟು ನೆಲದಲ್ಲೇ ಅವರು ನಡೆಯುತ್ತಿದ್ದರು. ಇಳಿಜಾರಿನಲ್ಲಿ ನಾವು ನಡೆದರೆ ಏನು ನಾಚಿಕೆ?

ಅಡ್ಡ ಇಳಿಜಾರಿಗೆ ಬೇಕಾದ್ದು ಬೇರೆ. ಬೆರಳಿನ ಕಡೆ ಎಳೆಯುವುದರಿಂದ ಭಾರವನ್ನು ಹಿಮ್ಮಡಿಗೆ ತರಬೇಕು. ಕಾಲು ಸ್ವಲ್ಪ ಅಗಲ, ಮಂಡಿ ಇನ್ನೂ ಸ್ವಲ್ಪ ಮಡಚಿ, ಸೊಂಟದಿಂದ ಬಗ್ಗಿ, ಆ ಎತ್ತರವನ್ನು ಕೊನೆಯವರೆಗೂ ಬಿಡಬಾರದು. ನಡುವೆ ಎದ್ದರೆ ಚೆಂಡಿನ ತಲೆ. ಬೆರಳಿನ ಮೇಲೆ ಮುಗ್ಗರಿಸಿದರೆ ಕ್ಲಬ್ಬಿನ ಕುತ್ತಿಗೆಗೆ ತಾಗಿ ಚೆಂಡು ಅಡ್ಡ ಹಾರುತ್ತದೆ. ಹೀಗೆ ಮಡಚಿ ಕುಳಿತ ದೇಹಕ್ಕೆ ಪೂರ್ತಿ ತಿರುಗಲು ಆಗುವುದಿಲ್ಲ. ಹಾಗಾಗಿ ಮುಕ್ಕಾಲು ಸ್ವಿಂಗ್ ಸಾಕು.

ಯಾವ ಕ್ಲಬ್?

ಇಲ್ಲಿ ನಮ್ಮಿಬ್ಬರಿಗೆ ಜಗಳ ಆಯಿತು. ಮುಂದಿನ ಇಳಿಜಾರು ಹೇಳುತ್ತದೆ: ಚೆಂಡು ಕೆಳಗೆ ಹಾರಿ ಜಾಸ್ತಿ ಓಡುತ್ತದೆ, ಚಿಕ್ಕ (ನಂಬರ್ ಜಾಸ್ತಿ ಇರುವ) ಕ್ಲಬ್ ತಗೋ. ಅಡ್ಡ ಇಳಿಜಾರು ಹೇಳುತ್ತದೆ: ಸ್ವಿಂಗಿನಲ್ಲಿ ಬಲ ಇಲ್ಲ, ಚೆಂಡು ಬಲಕ್ಕೆ ಸೋರುತ್ತದೆ, ದೊಡ್ಡ (ನಂಬರ್ ಕಮ್ಮಿ ಇರುವ) ಕ್ಲಬ್ ತಗೋ. ಎರಡು ಡಾಕ್ಟರು, ಎರಡು ಚೀಟಿ. ಒಂದೊಂದೇ ಇಳಿಜಾರಿನ ಬಗ್ಗೆ ಓದಿದವರಿಗೆ ಈ ಪೇಚು ಗೊತ್ತಾಗುವುದಿಲ್ಲ. ನಮ್ಮ ಗುಡ್ಡೆಯಲ್ಲಿ ದಿನಾ ಇದೇ.

ಅವರು 8 ಐರನ್ ಅಂದರು, ನಾನು 9. ನನ್ನ ವಾದ ಹೀಗಿತ್ತು. ಇಲ್ಲಿ ದೊಡ್ಡ ಇಳಿಜಾರು ಮುಂದಿನದ್ದು. ಹೊಸ ಸೆಟ್ಟಿನ 9 ಐರನ್ 39 ಡಿಗ್ರಿ. 7 ಕಳೆದರೆ 32. ಅದು ನಿಮ್ಮ ಕೈಗೆ ಪಳಗಿದ ಹಳೆಯ 7 ಐರನ್ನಿಗೆ ಹತ್ತಿರ. ಗ್ರೀನ್ ಸುಮಾರು 7 ಮೀಟರ್ ಕೆಳಗಿದೆ. ಒಂದು ಮೀಟರ್ ಇಳಿತಕ್ಕೆ ಒಂದು ಗಜ ಕಮ್ಮಿ ಎನ್ನುವುದು ಆಟಗಾರರ ಒರಟು ಲೆಕ್ಕ. ಹಾಗಾದರೆ 135 ಅನ್ನುವುದು 128 ಆಯಿತು. ಮುಂಭಾಗ ತೆರೆದಿದೆ, ಕಡಿಮೆ ಬಿದ್ದರೂ ಉರುಳಿ ಹತ್ತುತ್ತದೆ. ಅವರು ಸುಮ್ನೆ ಒಪ್ಪುವವರಲ್ಲ. ಸಾಲದ ಅರ್ಜಿ ನೋಡಿದ ಹಾಗೆ ಎರಡು ಸಲ ಲೆಕ್ಕ ಕೇಳಿದರು. ಕೊನೆಗೆ ಒಪ್ಪಿದ್ದು ಹಳೆಯ “ಅದೃಷ್ಟ”ದ ಷರಾ ತೋರಿಸಿದಾಗ. ಆ ದಿನ ಚೆಂಡು ಕೆಳಗೇ ಹೋಗಿ ಉರುಳಿ ಹತ್ತಿತ್ತು. ಆ ಜಾಗ ಕೇಳುವ ಹೊಡೆತವೇ ಅದು. ಅವರು ತಪ್ಪಿ ಹೊಡೆದದ್ದನ್ನು ಈಗ ಬೇಕೆಂದೇ ಹೊಡೆಯಬೇಕು.

ಗುರಿಯನ್ನು ಗ್ರೀನಿನ ಎಡ ಅಂಚಿನಿಂದಲೂ ಆಚೆ, ಒಂದು ಗಾಳಿಮರಕ್ಕೆ ಇಟ್ಟೆವು.

ನಿಯಮದ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪುಸ್ತಕದಲ್ಲಿ ಒಂದು ಕಡೆ “+1, ಚೆಂಡು ಅಲುಗಿತು” ಅಂತ ಇತ್ತು. ಹೊಡೆಯುವ ಮೊದಲು ಕ್ಲಬ್ಬನ್ನು ಚೆಂಡಿನ ಹಿಂದೆ ಒತ್ತಿ ಇಟ್ಟಿದ್ದರು, ಚೆಂಡು ಕೆಳಗೆ ಉರುಳಿತ್ತು. ಆಟಗಾರನಿಂದ ಚೆಂಡು ಅಲುಗಿದರೆ ಒಂದು ಹೊಡೆತ ದಂಡ, ಚೆಂಡನ್ನು ಮೊದಲಿನ ಜಾಗಕ್ಕೇ ಇಡಬೇಕು. ಗಾಳಿಗೆ ಅಥವಾ ತಾನಾಗಿ ಉರುಳಿದರೆ ದಂಡ ಇಲ್ಲ, ನಿಂತಲ್ಲಿಂದ ಆಡಬೇಕು. ಹಾಗಾಗಿ ಇಳಿಜಾರಿನಲ್ಲಿ ಕ್ಲಬ್ಬನ್ನು ನೆಲಕ್ಕೆ ಊರದೆ ಒಂದಿಷ್ಟು ಮೇಲೆ ತೇಲಿಸಿ ಹಿಡಿಯುವುದು ಒಳ್ಳೆಯದು. ಪಾದದ ಕೆಳಗೆ ನೆಲ ಸಮ ಮಾಡಲು ಕಲ್ಲು ಇಡುವುದು, ಮಣ್ಣು ಒಟ್ಟುವುದು ನಡೆಯುವುದಿಲ್ಲ. ನಮ್ಮಲ್ಲಿ ಒಬ್ಬರು ಹಾಗೆ ಮಾಡಲು ಹೊರಟಿದ್ದರು, ಹೆಸರು ಬೇಡ.

ಅಭ್ಯಾಸ, ಆಮೇಲೆ

ಅಭ್ಯಾಸದ ಜಾಗದಲ್ಲಿ ಇರುವುದು ಸಪಾಟು ಮ್ಯಾಟ್. ಅಲ್ಲಿ ಇನ್ನೂರು ಚೆಂಡು ಹೊಡೆದರೂ ಇಳಿಜಾರು ಬರುವುದಿಲ್ಲ. ಗೆಳೆಯರು ಮನೆಯ ಹಿಂದಿನ ಇಳಿಜಾರಿನಲ್ಲಿ ಪ್ಲಾಸ್ಟಿಕ್ ಚೆಂಡು ಇಟ್ಟುಕೊಂಡು ದಿನಕ್ಕೆ ಇಪ್ಪತ್ತು ನಿಮಿಷ ಹೊಡೆದರು. ಮೊದಲು ಚೆಂಡೇ ಇಲ್ಲದೆ ಹುಲ್ಲು ಸವರುವುದು. ಕ್ಲಬ್ ಎಲ್ಲಿ ನೆಲ ಮುಟ್ಟುತ್ತದೆ ಅಂತ ನೋಡುವುದು. ಮೊದಲ ದಿನ ಅದು ಚೆಂಡು ಇರಬೇಕಾದ ಜಾಗದಿಂದ ಒಂದು ಗೇಣು ಹಿಂದೆ ಮುಟ್ಟುತ್ತಿತ್ತು. ವಾರದ ಕೊನೆಗೆ ನಾಲ್ಕು ಬೆರಳು. ಹದಿನೈದು ದಿನಕ್ಕೆ ಸರಿಯಾಗಿ ಅಲ್ಲೇ. ಮನೆಯವರು ಏನಂದುಕೊಂಡರೋ, ಹಿತ್ತಲಿನ ಹುಲ್ಲಂತೂ ಚೆನ್ನಾಗಿ ಕತ್ತರಿಸಿತು.

ಡಿಸೆಂಬರ್ ಕೊನೆಯ ಎರಡು ವಾರ, ಜನವರಿಯ ಮೊದಲ ವಾರ. ಮೂರು ಸುತ್ತಿನಲ್ಲೂ ಚೆಂಡು ಅದೇ ಜಾಗಕ್ಕೆ ಬಂತು. ಮೊದಲ ಸಲ ಹೊಡೆತ ಚೊಕ್ಕ, ಆದರೆ ಗಾಳಿಮರವನ್ನು ನಂಬಲು ಮನಸ್ಸು ಬರಲಿಲ್ಲ. ಕೊನೆ ಗಳಿಗೆಯಲ್ಲಿ ಗ್ರೀನ್ ಕಡೆ ತಿರುಗಿ ನಿಂತರು, ಚೆಂಡು ಮತ್ತೆ ಗೇರು ಮರದ ಬುಡಕ್ಕೆ. ಎರಡನೇ ಸಲ ಗ್ರೀನಿಗೆ ಹತ್ತು ಗಜ ಮೊದಲು ನಿಂತಿತು. ಮೂರನೇ ಸಲ ಗ್ರೀನ್ ಹತ್ತಿತು. ತಲೆಗೆ ತಾಗಿದ್ದು, ನೆಲ ಕೆತ್ತಿದ್ದು ಎರಡೂ ಇರಲಿಲ್ಲ. ಮೂರು ಹೊಡೆತದಿಂದ ಏನನ್ನೂ ಸಾಧಿಸಿ ತೋರಿಸಲು ಆಗುವುದಿಲ್ಲ, ನಾನು ಲೆಕ್ಕದ ಮಾಸ್ತರ. ಆದರೂ ಬರೆದಿದ್ದೇನೆ.

ಇಷ್ಟು ಆದ ಮೇಲೆ ಅವರು ಒಂದು ಪ್ರಶ್ನೆ ಕೇಳಿದರು. “ಆ ಜಾಗಕ್ಕೆ ಹೋಗುವುದೇ ಯಾಕೆ?” ಡ್ರೈವರ್ ಬಿಟ್ಟು 5 ವುಡ್ (ಡ್ರೈವರಿಗಿಂತ ಕಮ್ಮಿ ದೂರ ಹೋಗುವ ಕ್ಲಬ್) ಹೊಡೆದರೆ ಚೆಂಡು ಮೇಲಿನ ಪದವಿನಲ್ಲೇ ನಿಲ್ಲುತ್ತದೆ. 165 ಗಜ ಉಳಿಯುತ್ತದೆ, ಆದರೆ ಸಪಾಟು ನೆಲ. ಬ್ಯಾಂಕಿನವರ ಬುದ್ಧಿ, ಅಪಾಯವನ್ನು ಮೊದಲೇ ಕತ್ತರಿಸುವುದು. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅವರ ಮಟ್ಟದ ಆಟಕ್ಕೆ 165 ಗಜ ಅಂದರೆ ಗ್ರೀನ್ ಸಿಗುವುದೇ ಅಪರೂಪ. ಈ ಹೋಲಿನಲ್ಲಿ ಇಳಿಜಾರು ತಪ್ಪಿಸಿದರೂ ಉಳಿದ ಹೋಲುಗಳಲ್ಲಿ ಎಲ್ಲಿಗೆ ಓಡುವುದು? ಅವರ ಉತ್ತರ: “ಒಂದು ಬಾಗಿಲಾದರೂ ಮುಚ್ಚಿದ ಹಾಗೆ ಆಯಿತಲ್ಲ.” ಅದನ್ನೂ ತಪ್ಪು ಅನ್ನಲು ಆಗುವುದಿಲ್ಲ.

ಜನವರಿ ಮೂರನೇ ವಾರ ಅವರು ಹೇಳಿದ ಹಾಗೇ 5 ವುಡ್ ತೆಗೆದರು. ಚೆನ್ನಾಗಿ ತಾಗಿತು. ಆದರೆ ಮಳೆ ನಿಂತು ಎರಡು ತಿಂಗಳಾಗಿತ್ತು. ನೆಲ ಒಣಗಿ ಮುರಕಲ್ಲಿನಷ್ಟೇ ಗಟ್ಟಿ. ಚೆಂಡು ಪದವಿನ ಮೇಲೆ ಬಿದ್ದು ಪುಟಿದು ಅಂಚಿನವರೆಗೆ ಓಡಿತು. ಅಲ್ಲಿ ಒಂದು ಕ್ಷಣ ನಿಂತ ಹಾಗೆ ಕಂಡಿತು. ಆಮೇಲೆ ನಿಧಾನಕ್ಕೆ ಬಲಕ್ಕೆ ಉರುಳಿ ಅದೇ ನಾಲ್ಕು ಕಾರಿನ ಜಾಗಕ್ಕೆ ಹೋಗಿ ಕುಳಿತಿತು.

ನಾನು ನಗಲಿಲ್ಲ, ಅಂದರೆ ಜೋರಾಗಿ ನಗಲಿಲ್ಲ. ಅವರು ಹೋಗಿ ನಿಂತರು. ಕಣ್ಣು ಮುಚ್ಚಿದರು. ಹಿಮ್ಮಡಿಯನ್ನು ಒಂದಿಷ್ಟು ನೆಲಕ್ಕೆ ಊರಿದರು. 9 ಐರನ್, ಮುಕ್ಕಾಲು ಸ್ವಿಂಗ್. ಚೆಂಡು ಗಾಳಿಮರದ ಕಡೆಗೆ ಹೊರಟು, ಬಲಕ್ಕೆ ವಾಲಿ, ಗ್ರೀನಿಗೆ ಮೊದಲು ಬಿದ್ದು ಉರುಳಿ ಅಂಚಿನಲ್ಲಿ ನಿಂತಿತು. ಅವರು ಎರಡು ಹೆಜ್ಜೆ ಕೆಳಗೆ ಇಳಿದಿದ್ದರು, ಬೀಳಲಿಲ್ಲ. ಅಲ್ಲಿಂದ ಮೂರು ಪಟ್ ಮಾಡಿ 5 ಮಾಡಿಕೊಂಡರು. ಅದು ಬೇರೆ ಕಥೆ.

ಮುಗಿದ ಮೇಲೆ ಚಹಾ ಕುಡಿಯುವಾಗ ಪುಸ್ತಕ ತೆಗೆದರು. 5 ವುಡ್ಡಿನ ಎದುರು ಷರಾ ಕಾಲಂನಲ್ಲಿ “ದುರದೃಷ್ಟ” ಅಂತ ಬರೆದರು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ “ನೆಲ ಗಟ್ಟಿ, ಬಲಕ್ಕೆ 5 ಡಿಗ್ರಿ” ಅಂತ ಬರೆದರು. ಬ್ಯಾಂಕಿನಲ್ಲಿ ಮಾಡುತ್ತಿದ್ದ ಹಾಗೆ ತಿದ್ದಿದ ಜಾಗದಲ್ಲಿ ಸಹಿಯನ್ನೂ ಹಾಕಿದರು.